ಹಾಲಿನ ಸಂಘದ ಮಹಾಸಭೆ: ಲೆಕ್ಕವನ್ನು ಲೀಟರಿಗೆ ಇಳಿಸಿ

ಹಾಲು ಉತ್ಪಾದಕರ ಸಂಘದ ಮಹಾಸಭೆಯಲ್ಲಿ ಸದಸ್ಯರು ಬಾಯಿ ಬಿಡುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ. ಕಾರ್ಯದರ್ಶಿ ಓದುವ ಲೆಕ್ಕದ ತಖ್ತೆ ಲಕ್ಷಗಳಲ್ಲಿರುತ್ತದೆ, ಸದಸ್ಯರ ಲೆಕ್ಕವೆಲ್ಲ ಲೀಟರಿನಲ್ಲಿ. ಪ್ರಶ್ನೆ ಹುಟ್ಟುವುದಾದರೂ ಹೇಗೆ?

ಮೊದಲು ವರ್ಷದ ಲೆಕ್ಕವನ್ನು ಲೀಟರಿಗೆ ಇಳಿಸಿ. ದಿನಕ್ಕೆ 500 ಲೀಟರ್ ಸಂಗ್ರಹವಿದ್ದರೆ ವರ್ಷಕ್ಕೆ 1,82,500 ಲೀಟರ್. ಸಂಬಳ, ಕರೆಂಟು, ರಿಪೇರಿ ಸೇರಿ 3,65,000 ರೂಪಾಯಿ ಖರ್ಚಾಗಿದ್ದರೆ ಲೀಟರಿಗೆ 2 ರೂಪಾಯಿ ಬಿತ್ತು. ಹಾಲು ಮಾರಿ ಬಂದದ್ದು, ಉತ್ಪಾದಕರಿಗೆ ಕೊಟ್ಟದ್ದು, ಸಂಘದ ಖರ್ಚು, ಉಳಿದದ್ದು: ನಾಲ್ಕೇ ಸಾಲು, ದಪ್ಪ ಅಕ್ಷರ, ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ. ಇದನ್ನು ನೋಟಿಸಿನ ಜೊತೆಗೇ ಹಂಚಿ, ಡೇರಿ ಗೋಡೆಗೂ ಅಂಟಿಸಿ. ಓದು ಬಾರದವರಿಗೆ ಹಾಲು ಹಾಕುವ ಸರದಿಯಲ್ಲೇ ಬಾಯಲ್ಲಿ ಹೇಳಿ.

ಹೆಚ್ಚಿನ ಜಗಳ ಫ್ಯಾಟಿನದು, ಅಂದರೆ ದರ ಕಟ್ಟುವಾಗ ನೋಡುವ ಹಾಲಿನ ಕೊಬ್ಬಿನಂಶದ್ದು. ಫ್ಯಾಟ್ ಅಳೆಯುವುದನ್ನು ಮಹಾಸಭೆಗೆ ಮುಂಚಿನ ವಾರವೇ, ಸಂಜೆ ಹಾಲು ಅಳೆದ ಮೇಲೆ, 15-20 ಜನರ ಗುಂಪಿಗೆ ಮಾಡಿ ತೋರಿಸಿ. ಒಂದು ಕ್ಯಾನಿನ ಹಾಲನ್ನು ಒಂದೆರಡು ಗಂಟೆ ಅಲುಗಿಸದೆ ಇಡಿ. ಮೇಲಿನಿಂದ ಒಂದು ಸ್ಯಾಂಪಲ್, ಚೆನ್ನಾಗಿ ಕಲಕಿ ಇನ್ನೊಂದು. ಕೆನೆ ಮೇಲೇರಿರುವುದರಿಂದ ಮೊದಲನೆಯದರಲ್ಲಿ ಫ್ಯಾಟ್ ಜಾಸ್ತಿ ಬರುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿ, ಅಂಕಿಯನ್ನು ಸದಸ್ಯರೇ ಓದಲಿ. ಕಲಕದೆ ತೆಗೆದ ಸ್ಯಾಂಪಲ್ ಒಪ್ಪಬಾರದೆಂದು ಅವರಿಗೆ ಆಗ ಗೊತ್ತಾಗುತ್ತದೆ.

ಸಭೆ ಬೆಳಿಗ್ಗೆ 11ರಿಂದ 1 ಗಂಟೆ. ಮಧ್ಯಾಹ್ನ ಇಟ್ಟರೆ ಹಾಲು ಕರೆಯುವ ಹೊತ್ತಿಗೆ ಹೆಂಗಸರು ಎದ್ದು ಹೋಗುತ್ತಾರೆ, ಮುಖ್ಯ ನಿರ್ಣಯ ಅವರಿಲ್ಲದೆಯೇ ಆಗುತ್ತದೆ. ಲೆಕ್ಕಪತ್ರ ಮೊದಲು, ಸನ್ಮಾನ ಕೊನೆಗೆ, ಊಟ ಅದಕ್ಕೂ ಆಮೇಲೆ. ಹಾಜರಾತಿ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸಬೇಡಿ, ಅದು ಸುಳ್ಳು ದಾಖಲೆ. ಸದಸ್ಯತ್ವ ಹೆಂಡತಿಯ ಹೆಸರಿನಲ್ಲಿದ್ದರೆ ಗಂಡ ಬಂದು ಕೈ ಎತ್ತುವಂತಿಲ್ಲ. ಸಹಕಾರ ಕಾಯ್ದೆಯಲ್ಲಿ ಬದಲಿ ಮತವಿಲ್ಲ. ಆಕೆಯೇ ಬರಬೇಕು, ಮುಂದಿನ ಸಾಲಿನಲ್ಲೇ ಕೂರಬೇಕು.

ನಿಂತು ಕೇಳಲು ಹಿಂಜರಿಯುವವರಿಗಾಗಿ ಒಂದು ವಾರ ಮೊದಲೇ ಡೇರಿಯಲ್ಲಿ ಚೀಟಿ ಡಬ್ಬಿ ಇಡಿ, ಹೆಸರು ಬೇಕಿಲ್ಲ. ಸಭೆಯಲ್ಲಿ ಚೀಟಿಗಳನ್ನೇ ಮೊದಲು ಓದಿ.

ನಡಾವಳಿಯಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಷ್ಟೇ ಬರೆದರೆ ಕೇಳಿದ ಪ್ರಶ್ನೆ ಅಲ್ಲೇ ಸಾಯುತ್ತದೆ. ‘ತೂಕದ ಯಂತ್ರ ರಿಪೇರಿ, ಹೊಣೆ ಕಾರ್ಯದರ್ಶಿ, ನವೆಂಬರ್ 15ರೊಳಗೆ’ ಎಂದು ಬರೆದು, ಆ ಪುಟದ ನಕಲನ್ನು ಮರುದಿನವೇ ಹಾಲು ಅಳೆಯುವ ಜಾಗದಲ್ಲಿ ಅಂಟಿಸಿ.