ಇಲಿಬೋನು ಅಂದುಕೊಂಡಿದ್ದು ಅಗ್ಗಿಷ್ಟಿಕೆಯಾಗಿತ್ತು

ಮೊದಲ ಸಲ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂಗೆ ಹೋಗಿ ಬಂದ ಸಂಜೆ ತೀರ್ಥಹಳ್ಳಿಗೆ ವಿಡಿಯೋ ಕಾಲ್ ಮಾಡಿದೆ. "ಏನೇನು ನೋಡಿದ್ಯೇ?" ಅಂತ ಅಮ್ಮ ಕೇಳಿದಳು. "ತುಂಬಾ ಚೆನ್ನಾಗಿತ್ತಮ್ಮಾ" ಅಂದೆ. "ಅದೇ, ಏನು ಚೆನ್ನಾಗಿತ್ತು?" ಮುಂದೆ ನನಗೆ ಮಾತೇ ಹೊರಡಲಿಲ್ಲ. ಎರಡು ಗಂಟೆ ಸುತ್ತಿದ್ದೆ. ಮೊಬೈಲಿನಲ್ಲಿ ಎಂಬತ್ತು ಫೋಟೋ ಇದ್ದವು. ತಲೆಯಲ್ಲಿ ಒಂದೂ ಇರಲಿಲ್ಲ.

ಶಾಲೆಯಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪಾಸು ಮಾಡಿದವಳು ನಾನು. ಸ್ವಲ್ಪ ನಾಚಿಕೆಯೇ ಆಯಿತು.

ಹಾಗಾಗಿ ಮುಂದಿನ ಸಲ ಒಂದೇ ಚಿತ್ರ ಅಂತ ಗಟ್ಟಿ ಮಾಡಿಕೊಂಡೆ. ಇಲ್ಲಿ ಮ್ಯೂಸಿಯಂಗಳಿಗೆಲ್ಲ ಸೇರಿ ವರ್ಷದ ಕಾರ್ಡ್ ಸಿಗುತ್ತದೆ. ಕಾರ್ಡ್ ಇದ್ದರೆ ಟಿಕೆಟ್ ದುಡ್ಡು ವಸೂಲಿ ಮಾಡಬೇಕು ಅನ್ನೋ ಹಪಾಹಪಿ ಇರುವುದಿಲ್ಲ, ಅರ್ಧ ಗಂಟೆ ನೋಡಿ ಎದ್ದು ಬರಬಹುದು. ಆರಿಸಿಕೊಂಡಿದ್ದು ಹಳೆಯ ಡಚ್ ಚಿತ್ರಕಾರ ಯೋಹಾನೆಸ್ ವರ್ಮೀರ್ ಬಿಡಿಸಿದ, ಹಾಲು ಸುರಿಯುವ ಹೆಂಗಸಿನ ಚಿತ್ರ. ಇಂಗ್ಲಿಷಿನಲ್ಲಿ ಇದನ್ನು 'ಮಿಲ್ಕ್‌ಮೇಡ್' ಅನ್ನುತ್ತಾರೆ. ಹಾಗಂತ ಅವಳು ಹಾಲು ಕರೆಯುವವಳಲ್ಲ, ಅಡುಗೆಮನೆ ಕೆಲಸದವಳು. ಆರಿಸಿದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಯುದ್ಧ, ಪುರಾಣ, ದೊರೆಗಳ ವಿಷಯ ಓದಿಕೊಂಡು ಹೋಗಬೇಕು. ಅಡುಗೆಮನೆ ನನಗೆ ಗೊತ್ತು.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಆ ಉದ್ದ ಹಾಲ್‌ನ ತುದಿಯಲ್ಲಿ ರೆಂಬ್ರಾಂಟ್‌ನ 1642ರ 'ನೈಟ್ ವಾಚ್' ಇದೆ, ಗೋಡೆಯಷ್ಟು ದೊಡ್ಡದು. ಜನ ಸೀದಾ ಅತ್ತ ಹೋಗುತ್ತಾರೆ. ನಮ್ಮ ಹಾಲಿನವಳು ಇರುವುದು ದಾರಿಯ ಪಕ್ಕ. 45.5 ಸೆಂಟಿಮೀಟರ್ ಎತ್ತರ, 41 ಅಗಲ. ಅಂಗಡಿಯವರು ಯುಗಾದಿಗೆ ಕೊಡುವ ಕ್ಯಾಲೆಂಡರ್‌ಗಿಂತ ದೊಡ್ಡದೇನಲ್ಲ. ಪೋಸ್ಟರಿನಲ್ಲಿ, ಚೀಲದ ಮೇಲೆ, ಮಗ್ಗಿನ ಮೇಲೆ ನೋಡಿ ನೋಡಿ ದೊಡ್ಡ ಚಿತ್ರ ಅಂದುಕೊಂಡಿದ್ದೆ. ಇಷ್ಟೇನಾ ಅನ್ನಿಸಿತು. ಐದು ನಿಮಿಷ ಆದ ಮೇಲೆ ಅವಳು ದೊಡ್ಡವಳಾಗಿ ಕಾಣತೊಡಗಿದಳು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಮೊಬೈಲ್ ಚೀಲಕ್ಕೆ ಹಾಕಿದೆ. ಪಕ್ಕದ ಚೀಟಿ ಓದಲಿಲ್ಲ. ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು ತೆಗೆದೆ. ನನಗೆ ನಾನೇ ಹಾಕಿಕೊಂಡ ಷರತ್ತು ಒಂದೇ: ಮೊದಲ ಹತ್ತು ನಿಮಿಷ ಕಣ್ಣಿಗೆ ಬಿದ್ದ ವಸ್ತುವಿನ ಹೆಸರು ಬಿಟ್ಟು ಬೇರೆ ಏನೂ ಬರೆಯಕೂಡದು. 'ಸುಂದರ', 'ಶಾಂತ' ಇಂಥವಂತೂ ಬೇಡವೇ ಬೇಡ. ಅವತ್ತಿನ ಪುಟ ಇನ್ನೂ ಇದೆ:

"ಎಡಕ್ಕೆ ಕಿಟಕಿ. ಒಂದು ಗಾಜು ಒಡೆದಿದೆ. ಮೂಲೆಯಲ್ಲಿ ಬೆತ್ತದ ಬುಟ್ಟಿ, ಹಿತ್ತಾಳೆ ಬಕೆಟ್ಟು, ಎರಡೂ ನೇತು ಹಾಕಿದೆ. ಮೇಜು. ಬುಟ್ಟಿ ತುಂಬ ಬ್ರೆಡ್ಡು, ಹೊರಗೂ ಚೂರುಗಳು. ನೀಲಿ ಹೂಜಿ, ಮುಚ್ಚಳ ಇದೆ. ನೀಲಿ ಬಟ್ಟೆ ಮೇಜಿನಿಂದ ಇಳಿಬಿದ್ದಿದೆ. ಕೆಂಪು ಮಣ್ಣಿನ ಬೋಗುಣಿ, ಎರಡು ಕಿವಿ. ಹಾಲಿನ ಹೂಜಿ. ಹೆಂಗಸು. ಬಿಳಿ ಟೋಪಿ, ಹಳದಿ ಮೇಲಂಗಿ, ನೀಲಿ ಏಪ್ರನ್, ಕೆಂಪು ಲಂಗ. ತೋಳು ಮೇಲಕ್ಕೆ ಮಡಚಿದ್ದಾಳೆ. ಗೋಡೆಯಲ್ಲಿ ಮೊಳೆ. ಮೊಳೆಗೆ ನೆರಳು ಕೂಡ ಇದೆ! ಮೊಳೆ ಕಿತ್ತ ತೂತುಗಳು. ನೆಲದ ಮೇಲೆ ಇಲಿಬೋನು."

ಆ ಕೊನೆಯ ಸಾಲನ್ನು ನೆನಪಿಡಿ, ಅದರ ಕಥೆ ಆಮೇಲೆ ಇದೆ.

ಹೆಸರು ಬರೆಯುವುದು ಮಕ್ಕಳಾಟ ಅನ್ನಿಸಬಹುದು. ಆದರೆ ಬರೆಯದೇ ಹೋಗಿದ್ದರೆ ಒಡೆದ ಗಾಜು ನನಗೆ ಖಂಡಿತ ಕಾಣುತ್ತಿರಲಿಲ್ಲ. ಅವಳ ಕೈಯೂ ಅಷ್ಟೇ. ಮಡಚಿದ ತೋಳಿನ ಕೆಳಗೆ ಮೊಣಕೈ ಹತ್ತಿರ ಬೆಳ್ಳಗಿದ್ದಾಳೆ, ಮಣಿಕಟ್ಟಿನಿಂದ ಕೆಳಗೆ ಕೆಂಪಗೆ ಕಪ್ಪಾಗಿದ್ದಾಳೆ. ದಿನಾ ನೀರು, ಬಿಸಿಲು, ಒಲೆಗೆ ಕೊಟ್ಟ ಕೈ ಅದು. ಇವತ್ತು ತೋಳು ಮೇಲೇರಿಸಿದ್ದರಿಂದ ಗುಟ್ಟು ಹೊರಬಿತ್ತು. ಗದ್ದೆ ನಾಟಿ ಮಾಡುವವರ ಕೈಯಲ್ಲಿ ಈ ಗೆರೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಆಮೇಲೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟ ಉಪಾಯ. ಕಣ್ಣು ಅರ್ಧ ಮುಚ್ಚಿ ನೋಡುವುದು. ವಿವರವೆಲ್ಲ ಮಂಜಾಗಿ ಬೆಳಕು, ಕತ್ತಲು ಎರಡೇ ಉಳಿಯುತ್ತವೆ. ಹಾಗೆ ನೋಡಿದಾಗ ತಮಾಷೆ ಬಯಲಾಯಿತು. ಕಿಟಕಿ ಎಡಗಡೆ ಇದ್ದರೂ ಎಡಗಡೆಯ ಗೋಡೆಯೇ ಕತ್ತಲು, ಬಲಗಡೆ ಹೋದ ಹಾಗೆ ಬೆಳ್ಳಗಾಗುತ್ತದೆ. ಕಿಟಕಿ ಕೆಳಗಿನ ಮೂಲೆಗೆ ಬೆಳಕು ಬೀಳುವುದಿಲ್ಲ, ಎದುರಿಗೆ ಬೀಳುತ್ತದೆ, ಸರಿಯೇ. ಆದರೆ ಅದನ್ನು ಅವನು ಬಳಸಿಕೊಂಡ ರೀತಿ ನೋಡಿ. ಅವಳ ಮೈಯ ಬೆಳಕಿನ ಬದಿಗೆ ಹಿಂದೆ ಮಬ್ಬು ಗೋಡೆ. ನೆರಳಿನ ಬದಿಗೆ ಹಿಂದೆ ಬಿಳಿ ಗೋಡೆ. ಎರಡು ಕಡೆಯಿಂದಲೂ ಅವಳು ಗೋಡೆಯಿಂದ ಕಿತ್ತು ಮುಂದೆ ಬಂದ ಹಾಗಿದೆ. ಅದೂ ಸಾಲದು ಅಂತ ನಮ್ಮ ಬಲಗಡೆಗೆ ಅವಳ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆ ಎಳೆದಿದ್ದಾನೆ. ನಿಜವಾದ ಗೋಡೆಯ ಮುಂದೆ ಯಾರು ನಿಂತರೂ ಅಂಥ ಗೆರೆ ಇರುವುದಿಲ್ಲ. ಪರೀಕ್ಷೆಯಲ್ಲಿ ನಾವು ಹೀಗೆ ಗೆರೆ ಎಳೆದಿದ್ದರೆ ಮೇಷ್ಟ್ರು ಸುಮ್ನೆ ಬಿಡುತ್ತಿದ್ದರಾ?

ಮೂರನೆಯದು ಪೆನ್ಸಿಲ್ ಕೆಲಸ. ಕೈ ಚಾಚಿ ಪೆನ್ಸಿಲ್ಲನ್ನು ಕಿಟಕಿಯ ಅಡ್ಡಪಟ್ಟಿಗೆ ಸರಿಯಾಗಿ ಹಿಡಿದು, ಆ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದು. ಒಂದೊಂದೇ ಪಟ್ಟಿ ಹಿಡಿದು ನೋಡಿದೆ. ಎಲ್ಲವೂ ಅವಳ ಬಲಗೈ ಹತ್ತಿರ ಬಂದು ಸೇರುತ್ತಿದ್ದವು, ಹೂಜಿಯ ಹಿಡಿ ಹಿಡಿದ ಕೈ. "ಕೈ ಹತ್ತಿರ, ಸ್ವಲ್ಪ ಮೇಲೆ" ಅಂತ ಬರೆದುಕೊಂಡೆ. ಮನೆಗೆ ಬಂದು ಓದಿದರೆ, ಕ್ಯಾನ್ವಾಸಿನಲ್ಲಿ ಸರಿಯಾಗಿ ಅಲ್ಲೇ, ಆ ಕೈಯ ಮೇಲೆ, ಒಂದು ಸಣ್ಣ ತೂತನ್ನು ಸಂಶೋಧಕರು ಕಂಡಿದ್ದಾರಂತೆ. ವರ್ಮೀರ್ ಅಲ್ಲಿ ಪಿನ್ನು ಚುಚ್ಚಿ, ಅದಕ್ಕೆ ಸೀಮೆಸುಣ್ಣ ಬಳಿದ ದಾರ ಕಟ್ಟಿ, ಎಳೆದು ಬಿಡುತ್ತಿದ್ದ. ಬಡಗಿ ಹಲಗೆ ಕುಯ್ಯುವ ಮೊದಲು ಬಣ್ಣದ ದಾರ ಎಳೆದು ಪಟ್ ಅಂತ ಬಿಡುತ್ತಾನಲ್ಲ, ಅದೇ ಕೆಲಸ. ಅವತ್ತು ಇಡೀ ದಿನ ನಾನು ನೆಲದ ಮೇಲೆ ಇರಲಿಲ್ಲ.

ಐದು ನಿಮಿಷ ಆದ ಮೇಲೆ ಅವಳು ಯಾಕೆ ದೊಡ್ಡವಳಾಗಿ ಕಂಡಳು ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಗೆರೆಗಳು ಸೇರುವ ಜಾಗ ನೋಡುವವರ ಕಣ್ಣಿನ ಮಟ್ಟ. ಇಲ್ಲಿ ಅದು ಅವಳ ಕೈಯ ಎತ್ತರದಲ್ಲಿದೆ. ಅಂದರೆ ನಾವು ಅವಳ ಮುಖವನ್ನು ಕೆಳಗಿನಿಂದ ನೋಡುತ್ತಿದ್ದೇವೆ, ಜಗಲಿಯ ಮೇಲೆ ಕೂತು ಎದುರು ನಿಂತವರನ್ನು ನೋಡಿದ ಹಾಗೆ. ಕೆಲಸದವಳು ನಿಂತಿದ್ದಾಳೆ, ನಾವು ಕೂತು ತಲೆ ಎತ್ತಿ ನೋಡಬೇಕು.

ಮೇಜು ಮಾತ್ರ ನನಗೆ ಇವತ್ತಿಗೂ ಅರಗಿಲ್ಲ. ಅದರ ಅಂಚುಗಳು ಆ ಜಾಗಕ್ಕೆ ಬಂದು ಸೇರುವುದೇ ಇಲ್ಲ. ಎಂಟು ಮೂಲೆಯ ಮೇಜು ಇರಬೇಕು ಅಂತ ವಿವರಣೆ ಕೊಡುತ್ತಾರೆ. ಇರಲಿ.

ಹತ್ತಿರ ಹೋದಾಗ ಬ್ರೆಡ್ಡು ಬ್ರೆಡ್ಡಾಗಿ ಉಳಿಯಲಿಲ್ಲ. ಎಳ್ಳು ಉದುರಿಸಿದ ಹಾಗೆ ಬಣ್ಣದ ಚುಕ್ಕೆಗಳು. ಎರಡು ಹೆಜ್ಜೆ ಹಿಂದೆ ಬಂದರೆ ಗರಿಗರಿ ಸಿಪ್ಪೆ. ಚುಕ್ಕೆಯಿಂದ ಸಿಪ್ಪೆಗೆ ಮೂರು ಸಲ ಓಡಾಡಿದೆ. ಪಕ್ಕದಲ್ಲಿದ್ದ ಕಾವಲಿನವರು ನನ್ನನ್ನೇ ನೋಡುತ್ತಿದ್ದರು. ಹಾಲಿಗೆ ಇಂಥ ಆಟ ಇಲ್ಲ. ಹೂಜಿಯ ಬಾಯಿ ಕತ್ತಲು, ಅದರಿಂದ ಬೆಳ್ಳಗೆ ಒಂದು ಸಣ್ಣ ಧಾರೆ, ಬೋಗುಣಿಗೆ ಇಳಿಯುವಾಗ ಇನ್ನೂ ಸಣ್ಣ. ಇಡೀ ಚಿತ್ರದಲ್ಲಿ ಅಲುಗಾಡುತ್ತಿರುವುದು ಅದೊಂದೇ. ಅವಳ ಕಣ್ಣೂ ಅದರ ಮೇಲೇ. ನಾವು ಬಂದಿದ್ದು ಅವಳಿಗೆ ಗೊತ್ತೂ ಇಲ್ಲ, ಬೇಕೂ ಇಲ್ಲ.

ಮುಕ್ಕಾಲು ಗಂಟೆಯ ಕೊನೆಗೆ ನನ್ನದೊಂದು ತೀರ್ಮಾನ ಬರೆದೆ: "ಖಾಲಿ ಗೋಡೆ, ಒಡೆದ ಗಾಜು, ಬಡವರ ಮನೆ." ಇದು ತಪ್ಪು ಅಂತ ಗೊತ್ತಾಗಿದ್ದು ಎರಡು ಹಂತದಲ್ಲಿ.

ಮೊದಲನೆಯದು ಅಮ್ಮನಿಂದ. ಮ್ಯೂಸಿಯಂನವರ ವೆಬ್‌ಸೈಟಿನಲ್ಲಿ ಚಿತ್ರವನ್ನು ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದು. ಅಮ್ಮನಿಗೆ ಕಳಿಸಿ, ನನ್ನ ಪಟ್ಟಿ ಓದಿ ಹೇಳಿದೆ. ಅವಳು ಮೊದಲು ನೋಡಿದ್ದು ಹೂಜಿ.

"ಹಾಲು ತಳಕ್ಕೆ ಬಂದಿದೆ ಕಣೆ. ಅಷ್ಟು ಬಗ್ಗಿಸಿದರೂ ಧಾರೆ ಸಣ್ಣಕ್ಕಿದೆ ನೋಡು. ಅಡಿಗೆ ಕೈ ಕೊಟ್ಟು ಹಿಡಿದಿದ್ದಾಳೆ. ಅಳತೆ ನೋಡ್ಕೊಂಡು ಹಾಕ್ತಿದ್ದಾಳೆ."

"ಬಡವರ ಮನೆ ಇರಬೇಕು ಅಲ್ವಾ ಅಮ್ಮ?"

"ಬಡವರ ಮನೇಲಿ ಇಷ್ಟು ಬ್ರೆಡ್ಡು ಯಾರು ತಂದಿಡ್ತಾರೆ? ಹಿತ್ತಾಳೆ ಬಕೆಟ್ಟು ಬೇರೆ. ಮತ್ತೆ ಆ ನೆಲದ ಮೇಲಿಂದು ಇಲಿಬೋನು ಅಲ್ಲ. ಒಳಗೆ ಮಣ್ಣಿನ ಕುಡಿಕೆ ಕಾಣ್ತಿಲ್ವಾ? ಕೆಂಡ ಹಾಕೋದು. ಅಗ್ಗಿಷ್ಟಿಕೆ ಅದು."

ಹೌದು! ಮರದ ಪೆಟ್ಟಿಗೆ, ಮೇಲೆ ತೂತುಗಳು, ಒಳಗೆ ಕೆಂಡದ ಕುಡಿಕೆ. ಚಳಿಗಾಲದಲ್ಲಿ ಡಚ್ ಹೆಂಗಸರು ಕಾಲು ಇಟ್ಟುಕೊಳ್ಳುತ್ತಿದ್ದ ಕಾಲುಬಿಸಿ ಪೆಟ್ಟಿಗೆ. ಅಮ್ಮ ಹಾಲೆಂಡ್ ನೋಡಿಲ್ಲ, ಆದರೆ ಮಲೆನಾಡಿನ ಮಳೆಗಾಲ ಎಷ್ಟೋ ನೋಡಿದ್ದಾಳೆ.

ಅಮ್ಮ ಹೇಳಿದ್ದಕ್ಕೆ ನಾನು ಸೇರಿಸುವುದು ಒಂದೇ. ಆ ಏಪ್ರನ್ನಿನ ನೀಲಿ, ಅಫ್ಘಾನಿಸ್ತಾನದಿಂದ ಬರುತ್ತಿದ್ದ ಲ್ಯಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ್ದು. ಆ ಕಾಲದ ಅತಿ ದುಬಾರಿ ಬಣ್ಣಗಳಲ್ಲಿ ಒಂದು. ಅದನ್ನು ತಂದು ಕೆಲಸದವಳ ಏಪ್ರನ್ನಿಗೆ ಬಳಿದಿದ್ದಾನೆ.

ಎರಡನೆಯ ಹಂತ ಓದು. ಚೀಟಿ, ಲೇಖನ ಎಲ್ಲ ಈಗ ಓದಿದೆ. ಚಿತ್ರ ಸುಮಾರು 1660ರದ್ದು, ಡೆಲ್ಫ್ಟ್ ಊರಿನಲ್ಲಿ ಬಿಡಿಸಿದ್ದು. 1908ರಲ್ಲಿ ಮ್ಯೂಸಿಯಂಗೆ ಬಂತು. ಗೋಡೆಯ ಬುಡದ ಟೈಲ್ಸಿನ ಮೇಲೆ ಬಿಲ್ಲು ಹಿಡಿದ ಮನ್ಮಥನಿದ್ದಾನೆ. ಅದನ್ನೂ ಅಗ್ಗಿಷ್ಟಿಕೆಯನ್ನೂ ಸೇರಿಸಿ, ಇವಳ ಮನಸ್ಸಿನಲ್ಲಿ ಯಾರೋ ಇದ್ದಾರೆ ಅಂತ ಕೆಲವು ಪಂಡಿತರು ಅರ್ಥ ಹೇಳುತ್ತಾರೆ. ಇರಬಹುದೇನೋ. ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಮನ್ಮಥ ಕಾಣಬೇಕಾದರೆ ನೆಲದ ಹತ್ತಿರ ಬಗ್ಗಬೇಕು, ಅಷ್ಟು ಸಣ್ಣಕ್ಕಿದ್ದಾನೆ.

ಆದರೆ 2022ರ ಸೆಪ್ಟೆಂಬರಿನಲ್ಲಿ ಮ್ಯೂಸಿಯಂನವರು ಹೊರಗೆ ಹಾಕಿದ ಸುದ್ದಿ ನನ್ನ ಖಾಲಿ ಗೋಡೆಯನ್ನು ತಲೆಕೆಳಗು ಮಾಡಿತು. ಬಣ್ಣದ ಅಡಿಯಲ್ಲಿ ಏನಿದೆ ಅಂತ ಯಂತ್ರದಿಂದ ನೋಡಿದಾಗ, ಅವಳ ತಲೆಯ ಹಿಂದೆ ಹೂಜಿ ನೇತುಹಾಕುವ ಹಲಗೆಯ ಗುರುತು ಸಿಕ್ಕಿತು. ಕಪ್ಪು ಬಣ್ಣದಲ್ಲಿ ಬೇಗ ಬೇಗ ಗೀಚಿ, ಆಮೇಲೆ ಗೋಡೆಯ ಬಣ್ಣ ಬಳಿದು ಮುಚ್ಚಿದ್ದಾನೆ. ಅಂದರೆ ಗೋಡೆ ಖಾಲಿ ಇದ್ದುದರಿಂದ ಖಾಲಿ ಬಿಡಿಸಿದ್ದಲ್ಲ. ಇದ್ದಿದ್ದನ್ನು ತೆಗೆದು ಖಾಲಿ ಮಾಡಿದ್ದು. ಅಷ್ಟು ಬಳಿದ ಮೇಲೂ ಒಂದು ಮೊಳೆ, ಅದರ ನೆರಳು, ನಾಲ್ಕು ತೂತು ಮಾತ್ರ ಇರಲಿ ಅಂತ ಬಿಡಿಸಿದ್ದಾನೆ!

ಇನ್ನೊಂದು ಸಿಕ್ಕಿದ್ದು ಬಲಗಡೆ ಕೆಳಗೆ, ಈಗ ಅಗ್ಗಿಷ್ಟಿಕೆ ಇರುವ ಜಾಗದಲ್ಲಿ. ಮೊದಲು ಅಲ್ಲೊಂದು ದೊಡ್ಡ ಹೆಣೆದ ಬುಟ್ಟಿ ಇತ್ತು. ಒಳಗೆ ಕೆಂಡದ ಪಾತ್ರೆ ಇಟ್ಟು ಎಳೆಕೂಸನ್ನು ಬೆಚ್ಚಗಿಡಲು, ಅದರ ಬಟ್ಟೆ ಒಣಗಿಸಲು ಬಳಸುತ್ತಿದ್ದ ಬುಟ್ಟಿ ಅದು. ಓದುವಾಗ ನನಗೆ ಮೈ ಜುಂ ಅಂದಿತು. ನನ್ನ ಅಕ್ಕನ ಬಾಣಂತನದಲ್ಲಿ ಅಮ್ಮ ಮಾಡಿದ್ದು ಇದೇ. ಹೊರಗೆ ಆಷಾಢದ ಮಳೆ. ಕೋಣೆಯಲ್ಲಿ ಅಗ್ಗಿಷ್ಟಿಕೆ, ಅದರ ಮೇಲೆ ಬೋರಲು ಹಾಕಿದ ಬಿದಿರು ಬುಟ್ಟಿ, ಬುಟ್ಟಿಯ ಮೇಲೆ ಮಗುವಿನ ಬಟ್ಟೆಗಳು. ಕೆಂಡಕ್ಕೆ ಒಂದು ಚಿಟಿಕೆ ಸಾಂಬ್ರಾಣಿ. ವರ್ಮೀರ್ 1675ರಲ್ಲಿ ತೀರಿಕೊಂಡಾಗ ಅವನಿಗೆ 11 ಮಕ್ಕಳಿದ್ದರು. ಆ ಮನೆಯಲ್ಲಿ ಬಟ್ಟೆ ಒಣಗಿಸುವ ಗೋಳು ಎಷ್ಟಿತ್ತೋ.

2023ರಲ್ಲಿ ಇದೇ ಮ್ಯೂಸಿಯಂನಲ್ಲಿ ವರ್ಮೀರನ 28 ಚಿತ್ರ ಒಟ್ಟಿಗೆ ಇಟ್ಟಿದ್ದರು. ನಾನು ಕಣ್ಣು ಬಿಡುವಷ್ಟರಲ್ಲಿ ಟಿಕೆಟ್ ಖಾಲಿ. ಬೇಜಾರಾಗಿದ್ದು ನಿಜ. ಒಂದು ಚಿತ್ರಕ್ಕೇ ಇಷ್ಟು ಹೊತ್ತು ಹಿಡಿಯುವವಳಿಗೆ 28 ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಓದಿದ ಮೇಲೆ ಇನ್ನೊಂದು ಸಲ ಹೋದೆ. ಐದು ನಿಮಿಷ ಬಲಗಡೆಯ ಕೆಳಮೂಲೆಯನ್ನೇ ನೋಡಿದೆ. ಬುಟ್ಟಿಯ ಸುಳಿವು ಬರಿಗಣ್ಣಿಗೆ ಎಲ್ಲೂ ಇಲ್ಲ. ನಯವಾದ ಗೋಡೆ, ಟೈಲ್ಸು, ಅಗ್ಗಿಷ್ಟಿಕೆ. ನೋಟ್‌ಬುಕ್ಕಿನಲ್ಲಿ 'ಇಲಿಬೋನು' ಹೊಡೆದು ಹಾಕಿ ಸರಿ ಮಾಡಿದೆ. 'ಬಡವರ ಮನೆ'ಯನ್ನೂ ಹೊಡೆದೆ. ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬಂತು, ನಾನು ಪಕ್ಕಕ್ಕೆ ಸರಿದೆ.

ಸಂಜೆ ಅಮ್ಮನಿಗೆ ಹೇಳಿದೆ, ಅಲ್ಲಿ ಮೊದಲು ಬಟ್ಟೆ ಒಣಗಿಸುವ ಬುಟ್ಟಿ ಇತ್ತಂತೆ, ಅಳಿಸಿದ್ದಾನಂತೆ ಅಂತ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಯಾಕಂತೆ? ಇರಲಿ ಬಿಡಬೇಕಿತ್ತು" ಅಂದಳು.