ಇಂಗ್ಲೆಂಡಿನಲ್ಲಿ ಚೊಚ್ಚಲ ಹೆರಿಗೆ: ಮಿಡ್‌ವೈಫ್ ಎದುರು ಬಾಯಿ ಬಿಟ್ಟು ಹೇಳಿ

ಇಂಗ್ಲೆಂಡಿಗೆ ಬಂದು ವರ್ಷ ತುಂಬುವ ಮೊದಲೇ ನಾನು ಬಸುರಿಯಾದೆ. ಊರಿನಲ್ಲಿದ್ದಿದ್ದರೆ ತಿಂಗಳು ತಿಂಗಳೂ ಡಾಕ್ಟರ ಬಳಿ ಹೋಗುತ್ತಿದ್ದೆ. ಇಲ್ಲಿ ತೊಡಕಿಲ್ಲದ ಬಸಿರನ್ನು ಮೊದಲಿನಿಂದ ಕೊನೆಯವರೆಗೂ ಮಿಡ್‌ವೈಫ್‌ಗಳೇ, ಅಂದರೆ ಸೂಲಗಿತ್ತಿಯರೇ, ನೋಡಿಕೊಳ್ಳುತ್ತಾರೆ ಎಂದು ತಿಳಿದಾಗ, ನನ್ನನ್ನು ಕಡೆಗಣಿಸುತ್ತಿದ್ದಾರೆ ಎಂದುಕೊಂಡು ಅತ್ತಿದ್ದೆ. ಅದು ನನ್ನ ಮೊದಲ ತಪ್ಪು. ಮಿಡ್‌ವೈಫ್ ಎಂದರೆ ಡಾಕ್ಟರ ಕೈಕೆಳಗಿನ ಸಹಾಯಕಿಯಲ್ಲ. 1902ರಲ್ಲೇ ಕಾಯಿದೆಯ ಕಟ್ಟಿಗೆ ಒಳಪಟ್ಟ, ತರಬೇತಿ ಮತ್ತು ನೋಂದಣಿ ಇಲ್ಲದೆ ಯಾರೂ ಮಾಡಲಾಗದ ವೃತ್ತಿ ಅದು. ಹೆರಿಗೆ ಸರಾಗವಾದರೆ ಮಗುವನ್ನು ಕೈಗೆತ್ತಿಕೊಳ್ಳುವವರೂ ಅವರೇ, ಏರುಪೇರಾದರೆ ಡಾಕ್ಟರನ್ನು ಕರೆಯುವವರೂ ಅವರೇ.

ಕಾಗದಪತ್ರದ ವಿಷಯ ಇಷ್ಟೇ: ಬಸಿರು ಖಚಿತವಾದ ಕೂಡಲೇ ಹೆಸರು ಬರೆಸಿ, 10 ವಾರದೊಳಗೆ ಮೊದಲ ಭೇಟಿ ಮುಗಿಸಿ, 20 ವಾರವಾದ ಮೇಲೆ ಕೆಲಸದ ಕಡೆಗೆ ಮ್ಯಾಟ್ ಬಿ1 ಎಂಬ ಬಸಿರಿನ ದೃಢೀಕರಣ ಪತ್ರ ಕೇಳಿ ಪಡೆಯಿರಿ, ಹೆರಿಗೆಯಾದ 42 ದಿನದೊಳಗೆ ಜನನ ನೋಂದಣಿ ಮಾಡಿಸಿ. ನಮ್ಮ ಕಡೆಯ ಹೆಂಗಸರಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಾದ್ದರಿಂದ 24ರಿಂದ 28 ವಾರಗಳ ನಡುವೆ ಗ್ಲೂಕೋಸ್ ಪರೀಕ್ಷೆಗೆ ಕರೆಯುತ್ತಾರೆ, ಅದನ್ನು ತಪ್ಪಿಸಬೇಡಿ.

ಇನ್ನು ನನ್ನ ದೊಡ್ಡ ತಪ್ಪು. ಪ್ರತಿ ಭೇಟಿಯಲ್ಲೂ ಮಿಡ್‌ವೈಫ್ "ಏನಾದರೂ ಕೇಳುವುದಿದೆಯೇ?" ಎಂದಾಗ ನಾನು "ಎಲ್ಲ ಸರಿಯಿದೆ" ಎನ್ನುತ್ತಿದ್ದೆ. ದೊಡ್ಡವರಿಗೆ ತೊಂದರೆ ಕೊಡಬಾರದೆಂದು ಬೆಳೆದವರು ನಾವು. 34ನೆಯ ವಾರದ ಒಂದು ಶನಿವಾರ ಮಧ್ಯಾಹ್ನದಿಂದ ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾಯಿತು. ಸೋಮವಾರ ಹೇಗೂ ಭೇಟಿಯಿದೆ, ರಜೆಯ ದಿನ ಯಾಕೆ ಗೋಳು ಹೊಯ್ದುಕೊಳ್ಳಬೇಕು ಎಂದು ಅಮ್ಮನಿಗೆ ಫೋನ್ ಮಾಡಿ, ಅವಳು ಹೇಳಿದಂತೆ ಎಡ ಮಗ್ಗುಲಿಗೆ ಮಲಗಿ ರಾತ್ರಿಯಿಡೀ ಕಾದೆ. ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದಾಗ ಆ ಕಡೆಯ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿನಿಂದ?" ಹೊಟ್ಟೆಗೆ ಪಟ್ಟಿ ಬಿಗಿದು, ಯಂತ್ರದಿಂದ ಮಗುವಿನ ಎದೆಬಡಿತ ಕೇಳಿಬರುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ. ನನ್ನ ಪುಣ್ಯ, ಮಗು ಚೆನ್ನಾಗಿತ್ತು. ನಿಮಗೆ ಹೇಳುವುದು ಇಷ್ಟು: ದಿನಕ್ಕೆ ಇಂತಿಷ್ಟು ಸಲ ಒದೆಯಬೇಕೆಂಬ ಲೆಕ್ಕವಿಲ್ಲ, ನಿಮ್ಮ ಮಗುವಿನ ವಾಡಿಕೆ ಬದಲಾದರೆ ಅದೇ ಸೂಚನೆ, ದಿನ ತುಂಬುತ್ತ ಬಂದಂತೆ ಮಿಸುಕಾಟ ಕಡಿಮೆಯಾಗುವುದು ಸಹಜವೆಂಬ ಮಾತು ನಿಜವಲ್ಲ. ನಡುರಾತ್ರಿಯಾದರೂ ಫೋನ್ ಮಾಡಿ.

ಹೆರಿಗೆಯ ನಂತರ ಮಿಡ್‌ವೈಫ್ ಮನೆಗೇ ಬರುತ್ತಾರೆ. ಐದನೆಯ ದಿನ ಮಗುವಿನ ಹಿಮ್ಮಡಿ ಚುಚ್ಚಿ ರಕ್ತದ ಹನಿ ತೆಗೆದುಕೊಳ್ಳುತ್ತಾರೆ. ಹುಟ್ಟಿನಿಂದ ಬರುವ ಕೆಲವು ಅಪರೂಪದ ಕಾಯಿಲೆಗಳನ್ನು ಆಗಲೇ ಪತ್ತೆ ಮಾಡಲು. ಬಾಣಂತನಕ್ಕೆಂದು ಬಂದ ಅಮ್ಮ ಹೀಟರ್ ಹಾಕಿ, ಮಗುವಿಗೆ ಕುಲಾವಿ ಕಟ್ಟಿ, ಎರಡು ಕಂಬಳಿ ಹೊದಿಸಿದ್ದಳು. ಮಿಡ್‌ವೈಫ್ ಮಾತಾಡದೆ ಎರಡು ಬೆರಳನ್ನು ಮಗುವಿನ ಕತ್ತಿನ ಹಿಂದೆ ಇಟ್ಟು, ಬೆವರು ನನಗೆ ತೋರಿಸಿ, ಕುಲಾವಿ ಬಿಚ್ಚಿದರು. ಕೂಸು ತಲೆಯಿಂದಲೇ ಹೆಚ್ಚು ಬಿಸಿ ಹೊರಹಾಕುತ್ತದೆ, ಮೈ ಕಾವೇರಿದರೆ ನಿದ್ದೆಯಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚು. ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು, ಮಗುವನ್ನು ಅಂಗಾತ ಮಲಗಿಸಬೇಕು. 1991ರಲ್ಲಿ ಅಂಗಾತ ಮಲಗಿಸಿರೆಂದು ಈ ದೇಶದಲ್ಲಿ ಪ್ರಚಾರ ಮಾಡಿದ ಮೇಲೆ ಅಂಥ ಸಾವುಗಳು ಬಹಳ ಇಳಿದವು. ಮೂರು ಮಕ್ಕಳನ್ನು ಸಾಕಿದ ಅಮ್ಮನಿಗೆ ನೋವಾಗುತ್ತದೆಂದು ನಾನು ಅರ್ಧವನ್ನೇ ಕನ್ನಡದಲ್ಲಿ ಹೇಳಿದೆ, ಅವಳು ರಾತ್ರಿ ಮತ್ತೆ ಕುಲಾವಿ ಕಟ್ಟಿದಳು. ಪೂರ್ತಿ ಹೇಳಬೇಕಿತ್ತು. ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ಗಂಡನನ್ನೇ ದುಭಾಷಿಯಾಗಿಸಬೇಡಿ, ಕೆಲವು ಪ್ರಶ್ನೆಗಳನ್ನು ನಿಮ್ಮೊಬ್ಬರನ್ನೇ ಕೇಳಬೇಕಿರುತ್ತದೆ.

ನಮ್ಮ ಮಕ್ಕಳ ಕಂದು ಮೈಯಲ್ಲಿ ಕಾಮಾಲೆ ಬೇಗ ಕಾಣುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ಕಣ್ಣಿನ ಬಿಳಿ ಮತ್ತು ಒಸಡು ನೋಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ ತಡಮಾಡದೆ ತೋರಿಸಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಯಾರಾದರೂ ಭಾರತದಲ್ಲಿ ಹುಟ್ಟಿದ್ದರೆ ಮಗುವಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಸಿಗುತ್ತದೆ, ಮರೆತಿದ್ದರೆ ನೀವೇ ಕೇಳಿ.

ಸುಮಾರು ಎರಡು ವಾರದ ನಂತರ ಹೊಣೆ ಹೆಲ್ತ್ ವಿಸಿಟರ್‌ಗೆ, ಅಂದರೆ ಮನೆಗೆ ಬಂದು ತಾಯಿ ಮಗುವನ್ನು ವಿಚಾರಿಸುವ ನರ್ಸ್‌ಗೆ, ಹೋಗುತ್ತದೆ. ಅವರು ಬಂದಾಗ ಅಮ್ಮ ಊರಿಗೆ ಮರಳಿದ್ದಳು, ಮನೆ ಬಿಕೋ ಎನ್ನುತ್ತಿತ್ತು. ಬಾಣಂತಿಯ ಮನಸ್ಸು ತಿಳಿಯಲು 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಹಾಳೆಯಲ್ಲಿ ನಾನು ಎಲ್ಲದಕ್ಕೂ ಚೆನ್ನಾಗಿದ್ದೇನೆ ಎಂದೇ ಗುರುತು ಹಾಕಿದೆ. ಊರಿನಲ್ಲಾದರೆ ಯಾರೂ ಹಾಳೆ ಕೊಡುತ್ತಿರಲಿಲ್ಲ. ಹಿತ್ತಿಲ ಬಾಗಿಲಿಂದ ಬಂದ ಚಿಕ್ಕಮ್ಮ ಮುಖ ನೋಡಿಯೇ ಮಗುವನ್ನು ಎತ್ತಿಕೊಂಡು, "ಹೋಗಿ ಮಲಗು" ಎನ್ನುತ್ತಿದ್ದಳು. ಹೆಲ್ತ್ ವಿಸಿಟರ್ ಹಾಳೆ ಪಕ್ಕಕ್ಕಿಟ್ಟು, ಮಗುವಿಗೆ ನೀರೆರೆಯುವವರು ಯಾರು ಎಂದು ಕೇಳಿದರು. ನಮ್ಮಜ್ಜಿ ಹೇಗೆ ಎರೆಯುತ್ತಿದ್ದಳೆಂದು ಹೇಳಹೊರಟರೆ ಇಂಗ್ಲಿಷ್ ಮಾತು ಸಿಗಲಿಲ್ಲ. ನೆಲದ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಳ್ಳುವ ರೀತಿಯನ್ನು ತೋರಿಸಿದೆ. ಬರಿಗಾಲ ಮೇಲೆ ಇಲ್ಲದ ನೀರು ಸುರಿಯುತ್ತಿದ್ದಂತೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತು, ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ನಾನೇ ಹೊಸ ಹಾಳೆ ಕೇಳಿ ಪಡೆದು, ಇದ್ದುದನ್ನು ಇದ್ದಂತೆ ಗುರುತು ಹಾಕಿದೆ.