ಸೋತ ಪಕ್ಷದ ಪ್ಲೇಯರ್

2008ರ ಮಾರ್ಚ್. ಆಗ ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆ. ಡಿವಿಡಿಯ ಜಾಗ ಹಿಡಿಯಲು ತೋಷಿಬಾದ ಎಚ್‌ಡಿ ಡಿವಿಡಿ, ಸೋನಿಯ ಬ್ಲೂ-ರೇ ಎಂಬ ಎರಡು ಬಗೆಯ ಡಿಸ್ಕುಗಳು ಕಾದಾಡಿದ್ದವು. ಜನವರಿ 4ರಂದು ವಾರ್ನರ್ ಸಿನಿಮಾ ಸಂಸ್ಥೆ ಬ್ಲೂ-ರೇ ಕಡೆಗೆ ವಾಲಿದಾಗಲೇ ಎಚ್‌ಡಿ ಡಿವಿಡಿಯ ಕತೆ ಮುಗಿದಂತಾಗಿತ್ತು. ಫೆಬ್ರುವರಿ 19ಕ್ಕೆ ತೋಷಿಬಾ ತಾನೇ ಕೈಚೆಲ್ಲಿತು. ನನ್ನ ಸಹೋದ್ಯೋಗಿಯೊಬ್ಬ 2006ರಲ್ಲಿ 499 ಡಾಲರ್ ಕೊಟ್ಟು ತಂದಿದ್ದ ತೋಷಿಬಾ ಎಚ್‌ಡಿ-ಎ1 ಪ್ಲೇಯರನ್ನು ‘ಒಂದು ಊಟ ಹಾಕಿಸು, ಎತ್ಕೊಂಡು ಹೋಗು’ ಅಂದ. ಬಿಸಿಬೇಳೆಬಾತ್ ಮಾಡಿ ಬಡಿಸಿದೆ. ಪ್ಲೇಯರ್ ಜೊತೆಗೆ ಹದಿನಾಲ್ಕು ಡಿಸ್ಕೂ ಬಂದವು.

ಮನೆಗೆ ತಂದವನೇ ಮೊದಲು ಮಾಡಿದ್ದು ಮೇಲಿನ ಮುಚ್ಚಳ ಬಿಚ್ಚಿದ್ದು. ಎಂಜಿನಿಯರ್ ಚಟ, ಏನು ಮಾಡೋದು. ಒಳಗಿದ್ದದ್ದು ಡಿವಿಡಿ ಪ್ಲೇಯರ್ ಅಲ್ಲ, ಸಾಕ್ಷಾತ್ ಕಂಪ್ಯೂಟರ್: 2.5 ಗಿಗಾಹರ್ಟ್ಸ್‌ನ ಪೆಂಟಿಯಂ 4, ಒಂದು ಜಿಬಿ ರ್‍ಯಾಮ್, ಫ್ಯಾನು, ಲಿನಕ್ಸ್. ಎಚ್‌ಡಿ ಡಿಸ್ಕ್ ಓದುವ ಕೆಲಸವನ್ನೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿಸುವ ಕಾಲ ಇನ್ನೂ ಬಂದಿರಲಿಲ್ಲ. ಹಾಗಾಗಿ ಪಿಸಿಯನ್ನೇ ಪೆಟ್ಟಿಗೆಯೊಳಗೆ ಕೂರಿಸಿ ಮಾರಿದ್ದರು.

ಇದು ತಿಳಿದ ಮೇಲೆ ಅದರ ನಿಧಾನ ನನಗೆ ಅರ್ಥವಾಯಿತು. ಪವರ್ ಗುಂಡಿ ಒತ್ತಿದರೆ ಅದು ಬೂಟ್ ಆಗಬೇಕು. ಅದಕ್ಕೆ ಒಂದು ನಿಮಿಷ. ಆಮೇಲೆ ಡಿಸ್ಕನ್ನು ಗುರುತಿಸಲು ಇನ್ನೊಂದಿಷ್ಟು. ಆಫ್ ಆಗಿರುವಾಗ ಟ್ರೇ ತೆರೆಯಲು ಒತ್ತಿದರೂ ಅಷ್ಟೇ, ಪೂರ್ತಿ ಎಚ್ಚರವಾಗದೆ ಬಾಯಿ ಬಿಡುವುದಿಲ್ಲ. ಮೊದಲ ವಾರ ನಾನು ಮತ್ತೆ ಮತ್ತೆ ಗುಂಡಿ ಒತ್ತಿ ಅದನ್ನು ಗಲಿಬಿಲಿಗೊಳಿಸುತ್ತಿದ್ದೆ. ಒತ್ತಿದ್ದನ್ನೆಲ್ಲ ಅದು ನೆನಪಿಟ್ಟುಕೊಂಡು, ಎದ್ದ ಮೇಲೆ ಟ್ರೇಯನ್ನು ಹೊರಗೆ, ಒಳಗೆ, ಮತ್ತೆ ಹೊರಗೆ ತಳ್ಳುತ್ತಿತ್ತು. ಕೊನೆಗೆ ಒಂದು ಕ್ರಮ ಕಂಡುಕೊಂಡೆ. ಗುಂಡಿ ಒಂದೇ ಸಲ ಒತ್ತು, ಅಡುಗೆಮನೆಗೆ ಹೋಗಿ ಹಾಲು ಕಾಯಿಸಿ ಡಿಕಾಕ್ಷನ್‌ಗೆ ಬೆರೆಸು, ಲೋಟ ಹಿಡಿದು ಬಾ. ಅಷ್ಟರಲ್ಲಿ ಮೆನು ಬಂದಿರುತ್ತದೆ.

ಚಿತ್ರದ ವಿಷಯಕ್ಕೆ ಬರೋಣ. ಡಿಸ್ಕಿನಲ್ಲಿ 1080ಪಿ (1080 ಸಾಲುಗಳ ಇಡೀ ಚೌಕಟ್ಟು) ಇದ್ದರೂ ಈ ಯಂತ್ರ ಹೊರಗೆ ಕಳಿಸುವುದು ಹೆಚ್ಚೆಂದರೆ 1080ಐ. ಅಂದರೆ ಒಂದೊಂದು ಚೌಕಟ್ಟನ್ನೂ ಎರಡು ಭಾಗ ಮಾಡಿ, ಒಮ್ಮೆ ಬೆಸ ಸಾಲು, ಒಮ್ಮೆ ಸಮ ಸಾಲು. ಇದನ್ನೇ ದೊಡ್ಡ ಕೊರತೆ ಅಂತ ಆಗ ಜನ ಆಡಿಕೊಳ್ಳುತ್ತಿದ್ದರು. ನನ್ನ ಅನುಭವ ಬೇರೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದು. ಟಿವಿ ಬುದ್ಧಿವಂತನಾಗಿದ್ದರೆ ಆ ಅರ್ಧಗಳನ್ನು ಹೊಂದಿಸಿ ಇಡೀ ಚೌಕಟ್ಟನ್ನು ಮರಳಿ ಕಟ್ಟಿಕೊಳ್ಳುತ್ತದೆ. ನನ್ನ ಹಳೆಯ 720ಪಿ ಪ್ಲಾಸ್ಮಾಗೆ ಇದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಮುಂದೆ 1080ಪಿ ಟಿವಿ ತಂದಾಗ ಅದರ ಸೆಟ್ಟಿಂಗ್‌ನಲ್ಲಿ ‘ಫಿಲ್ಮ್ ಮೋಡ್’ ಆನ್ ಮಾಡಿದೆ, ಅಷ್ಟೇ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಮಾತ್ರ ಸಣ್ಣ ನಡುಕ ಉಳಿಯಿತು. 24ನ್ನು 60ಕ್ಕೆ ಎಳೆದಾಗ ಬರುವ ನಡುಕ ಅದು. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಬೇಡವೆಂದರೂ ಕಾಣುತ್ತಲೇ ಇರುತ್ತದೆ.

ಸ್ಪೀಕರ್‌ಗಳಿಗೆ ಧ್ವನಿ ಹಂಚುವ ನನ್ನ ರಿಸೀವರ್‌ಗೆ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಜೋಡಣೆ) ಇರಲಿಲ್ಲ. ಆಪ್ಟಿಕಲ್ ತಂತಿ ಹಾಕಿದರೆ ಪ್ಲೇಯರ್ ಹೊಸ ಡಾಲ್ಬಿ ಧ್ವನಿಯನ್ನು ತಾನೇ ಬಿಡಿಸಿ, ಹಳೆಯ ರಿಸೀವರ್‌ಗೂ ತಿಳಿಯುವ ಡಿಟಿಎಸ್ ಎಂಬ ಬಗೆಯಾಗಿ ಮತ್ತೆ ಕಟ್ಟಿ ಕಳಿಸುತ್ತಿತ್ತು. ಅದೂ ಚೆನ್ನಾಗಿಯೇ ಇತ್ತು. ಆದರೆ ಹಿಂಬದಿಯಲ್ಲಿ 5.1 ಅನಲಾಗ್‌ಗೆ, ಅಂದರೆ ಸ್ಪೀಕರ್‌ಗೊಂದರಂತೆ, ಆರು ತೂತುಗಳಿದ್ದವು (ಮುಂದಿನ ಮಾದರಿ ಎ2ದಲ್ಲಿ ಅವನ್ನೇ ಕಿತ್ತುಹಾಕಿದರು, ಪುಣ್ಯಾತ್ಮರು). ಆರು ಆರ್‌ಸಿಎ ತಂತಿ ಎಳೆದೆ. ಯಾವುದು ಯಾವ ಸ್ಪೀಕರ್‌ಗೆ ಅಂತ ತಪ್ಪದಿರಲು ತುದಿಗಳಿಗೆ ನೇಲ್ ಪಾಲಿಶ್ ಬೊಟ್ಟು ಇಟ್ಟೆ. ಮಳೆಯ ದೃಶ್ಯವೊಂದರಲ್ಲಿ ನೀರು ಬೆನ್ನ ಹಿಂದೆ ತಗಡಿನ ಮೇಲೆ ಬಿದ್ದ ಹಾಗೆ ಕೇಳಿದಾಗ, ಕಿಟಕಿ ಮುಚ್ಚಲು ಹೆಂಡತಿ ಎದ್ದೇ ಬಿಟ್ಟಳು.

ಆದರೆ ನಾನು ಈ ಪೆಟ್ಟಿಗೆಯನ್ನು ಹೆಚ್ಚು ಬಳಸಿದ್ದು ಹಳೆಯ ಡಿವಿಡಿಗಳಿಗೆ. 720×480ರ ಚಿತ್ರವನ್ನು ಎಚ್‌ಡಿಎಂಐ ಮೂಲಕ 1080ಐಗೆ ಹಿಗ್ಗಿಸುವುದರಲ್ಲಿ ಅದು ಪಳಗಿದ ಕೈ. ಚಿತ್ರವನ್ನು ಮೂರು ತಂತಿಗಳಲ್ಲಿ ಕಳಿಸುವ ಹಳೆಯ ಕಾಂಪೊನೆಂಟ್ ಜೋಡಣೆಯಲ್ಲಾದರೆ, ನಕಲು ರಕ್ಷಣೆ ಇರುವ ಡಿವಿಡಿಯನ್ನು ಹಿಗ್ಗಿಸುವುದಿಲ್ಲ. ಇದು ಗೊತ್ತಿಲ್ಲದೆ ಎರಡು ದಿನ ಮೆನು ತಡಕಾಡಿದ್ದೆ. ಒಳ್ಳೆಯ ಪ್ರಿಂಟಿನ ಡಿವಿಡಿ ಹಾಕಿದರೆ ಎಚ್‌ಡಿಯೇ ಇರಬೇಕು ಅನ್ನಿಸುವಷ್ಟು ಚೆನ್ನ. ಊರಿಂದ ತಂದ ಕನ್ನಡ ಸಿನಿಮಾಗಳ ಡಿವಿಡಿ ಹಾಕಿದರೆ ಮಾತ್ರ ಗ್ರಹಚಾರ. ಒಂದೇ ಡಿಸ್ಕಿಗೆ ಮೂರು ಸಿನಿಮಾ ತುರುಕಿದ ಪಾಪವೆಲ್ಲ ಹಿಗ್ಗಿ ಎದುರಿಗೆ ನಿಲ್ಲುತ್ತಿತ್ತು: ನಾಯಕಿಯ ಕೆನ್ನೆ ತುಂಬ ಚೌಕ ಚೌಕ, ತಲೆಗೂದಲ ಮೇಲೆ ಕಂಪನಿಯ ಫೋನ್ ನಂಬರ್. ಅವುಗಳಿಗೆ 480ಪಿಯೇ ಸರಿ ಅಂತ ಬಿಟ್ಟೆ.

2011ರಲ್ಲಿ ಬೆಂಗಳೂರಿಗೆ ವಾಪಸಾದೆವು. ಬ್ಲೂ-ರೇ ಆಗಿದ್ದರೆ ಅಮೆರಿಕದ್ದು ಎ ವಲಯ, ಭಾರತದ್ದು ಸಿ; ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದು, ತಲೆನೋವು ತಪ್ಪಿದ್ದಲ್ಲ. ಎಚ್‌ಡಿ ಡಿವಿಡಿಗೆ ವಲಯದ ಬೀಗವೇ ಇಲ್ಲ. ಆದರೆ ಕರೆಂಟಿನ ಬೀಗ ಇದೆಯಲ್ಲ! ಪ್ಲೇಯರ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ಎಸ್‌ಪಿ ರೋಡಿನಲ್ಲಿ 300 ವಿಎಯ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡೆ. ಕುಂಬಳಕಾಯಿಯಷ್ಟು ಭಾರ, ಗುಂಯ್‌ ಅನ್ನುವ ಶಬ್ದ. ಒಂದು ದಿನ ನಾನಿಲ್ಲದಾಗ ಅಪ್ಪ ‘ಇದ್ಯಾಕೆ ನಡುವೆ’ ಎಂದು ಅದನ್ನು ಕಿತ್ತು, ಅಡಾಪ್ಟರ್ ಹಾಕಿ ನೇರ ಗೋಡೆಗೇ ಚುಚ್ಚಿದ್ದಾರೆ. ಫಟ್ ಅಂತು. ಬಿಚ್ಚಿ ನೋಡಿದರೆ ಪವರ್ ಬೋರ್ಡಿನ ವ್ಯಾರಿಸ್ಟರ್ ಸುಟ್ಟು ಕರಕಲಾಗಿತ್ತು, ಫ್ಯೂಸ್ ಹೋಗಿತ್ತು. ತಾನು ಸತ್ತು ಮಿಕ್ಕದ್ದನ್ನೆಲ್ಲ ಉಳಿಸುವುದೇ ಆ ಪುಟ್ಟ ವ್ಯಾರಿಸ್ಟರ್‌ನ ಕೆಲಸ. ಎರಡನ್ನೂ ಬದಲಿಸಿದೆ, ನಲವತ್ತು ರೂಪಾಯಿ ಖರ್ಚು. ಪ್ಲೇಯರ್ ಎಂದಿನಂತೆ ಒಂದು ನಿಮಿಷ ತೆಗೆದುಕೊಂಡು ಎದ್ದು ಕೂತಿತು. ಅಪ್ಪ ಮಾತ್ರ ಇವತ್ತಿಗೂ ಅದರ ಹತ್ತಿರ ಸುಳಿಯುವುದಿಲ್ಲ.

ಈಗ ಮುದಿತನ ಬಂದಿರುವುದು ಡಿಸ್ಕುಗಳಿಗೆ. ಮೇಲ್ಮೈಯಲ್ಲಿ ಒಂದು ಗೀರೂ ಇಲ್ಲ, ಕನ್ನಡಿಯ ಹಾಗಿವೆ. ಆದರೂ ಹಾಕಿದರೆ ಮುಕ್ಕಾಲು ದಾರಿಯಲ್ಲಿ ನಿಂತುಬಿಡುತ್ತವೆ. ಒಳಪದರವೇ ಕೆಡುತ್ತಿದೆ. ಒರೆಸಿದರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಿ, ಹದಿನಾಲ್ಕನ್ನೂ ಒಂದೊಂದಾಗಿ ಓಡಿಸಿ, ನಿಂತ ಜಾಗವನ್ನು ಪೆನ್ಸಿಲ್‌ನಿಂದ ಪೆಟ್ಟಿಗೆಯ ಒಳಗಡೆ ಬರೆದಿಡುತ್ತೇನೆ. ಒಂದರಲ್ಲಿ ಹೋದ ಸಲ 1:31 ಅಂತಿತ್ತು. ಈ ಸಲ 1:12.